ಕುಂಡದ ಟೊಮೆಟೊ: ಗಿಡ ಗಿಡ್ಡವಾದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತಿನ ಇತಿಹಾಸದ ಕಥೆ ಬಾಹ್ಯಾಕಾಶದಲ್ಲಿ ಕಳೆದುಹೋದ ಒಂದು ಟೊಮೆಟೊದಿಂದ ಶುರುವಾಗುತ್ತೆ.

2023ರಲ್ಲಿ ಫ್ರಾಂಕ್ ರುಬಿಯೊ ಅನ್ನೋ ಅಮೆರಿಕದ ಗಗನಯಾತ್ರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದರು. ಅಲ್ಲೇ ಬೆಳೆದ ಟೊಮೆಟೊ ಕೊಯ್ದು ಒಂದು ಚೀಲದಲ್ಲಿಟ್ಟರು. ಅಲ್ಲಿ ಯಾವುದೂ ಇಟ್ಟ ಜಾಗದಲ್ಲಿ ಇರಲ್ವಲ್ಲ, ಚೀಲ ತೇಲಿಕೊಂಡು ಎಲ್ಲೋ ಹೋಯ್ತು. ಗಂಟೆಗಟ್ಟಲೆ ಹುಡುಕಿದರೂ ಸಿಗಲಿಲ್ಲ. ರುಬಿಯೊ ಅವರೇ ಗುಟ್ಟಾಗಿ ತಿಂದುಬಿಟ್ಟಿದ್ದಾರೆ ಅಂತ ಜೊತೆಯವರು ತಮಾಷೆ ಮಾಡಿದರು. 371 ದಿನ ಅಲ್ಲಿ ಕಳೆದು ಅವರು ಭೂಮಿಗೆ ಬಂದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಿಲ್ದಾಣದಿಂದ ಸುದ್ದಿ ಬಂತು: ಟೊಮೆಟೊ ಸಿಕ್ಕಿದೆ, ಒಣಗಿ ಸುಕ್ಕಾಗಿದೆ, ರುಬಿಯೊ ನಿರಪರಾಧಿ!

ಈ ಸುದ್ದಿ ಓದಿ ಎಲ್ಲರೂ ನಕ್ಕರು. ನನಗೆ ಮಾತ್ರ ಬೇರೆ ಪ್ರಶ್ನೆ ಬಂತು. ಟೊಮೆಟೊ ಅಂದ್ರೆ ಆಳೆತ್ತರ ಹಬ್ಬೋ ಗಿಡ. ಕೋಲು ನೆಟ್ಟು, ದಾರ ಕಟ್ಟಿ ನಿಲ್ಲಿಸಬೇಕು. ಅದು ಆ ಪುಟ್ಟ ಪೆಟ್ಟಿಗೆಯಂಥ ಜಾಗದಲ್ಲಿ ಹಿಡಿಸಿದ್ದು ಹೇಗೆ? ಅಲ್ಲಿ ಬೆಳೆದ ತಳಿಯ ಹೆಸರು ‘ರೆಡ್ ರಾಬಿನ್’. ಎತ್ತರ ಒಂದು ಅಡಿಯ ಆಸುಪಾಸು. ನಿಮ್ಮ ಬಾಲ್ಕನಿಯ ಕುಂಡದಲ್ಲೂ ಬೆಳೆಯೋ ಗಿಡ ಅದು. ಇಷ್ಟು ಕುಳ್ಳ ಗಿಡವನ್ನು ಮಾಡಿದವರು ಯಾರು, ಯಾರಿಗೋಸ್ಕರ ಮಾಡಿದರು? ಇವತ್ತು ಅದನ್ನೇ ನೋಡೋಣ.

ಮೊದಲೇ ಒಂದು ಗೊಂದಲ ಬಿಡಿಸಿಬಿಡ್ತೀನಿ. ‘ಚೆರ್ರಿ’ ಅನ್ನೋದು ಹಣ್ಣಿನ ಗಾತ್ರ, ‘ಕುಳ್ಳ’ ಅನ್ನೋದು ಗಿಡದ ಗಾತ್ರ. ಎರಡಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಸೂಪರ್ ಮಾರ್ಕೆಟ್‌ನ ಡಬ್ಬಿಯಲ್ಲಿ ಬರೋ ಚೆರ್ರಿ ಟೊಮೆಟೊಗಳಲ್ಲಿ ಹೆಚ್ಚಿನವು ಪಾಲಿಹೌಸ್‌ನಲ್ಲಿ ತಲೆಗಿಂತ ಎತ್ತರ ಬೆಳೆಯೋ ಬಳ್ಳಿಗಳ ಹಣ್ಣು. ಪ್ಯಾಕೆಟ್ ಮೇಲೆ ಚೆರ್ರಿ ಅಂತ ಇದೆ ಅಂದ ಮಾತ್ರಕ್ಕೆ ಗಿಡ ಪುಟ್ಟದಾಗಿರುತ್ತೆ ಅಂತ ನಂಬಬೇಡಿ.

ಚಿಕ್ಕ ಹಣ್ಣೇನೂ ಹೊಸ ಫ್ಯಾಷನ್ ಅಲ್ಲ. ನಿಜ ಹೇಳಬೇಕಂದ್ರೆ ಟೊಮೆಟೊ ಹುಟ್ಟಿದ್ದೇ ಚಿಕ್ಕದಾಗಿ. ದಕ್ಷಿಣ ಅಮೆರಿಕದ ಪೆರು, ಇಕ್ವೆಡಾರ್ ಕಡೆ ಇವತ್ತಿಗೂ ಕಾಡು ಟೊಮೆಟೊ ಸಿಗುತ್ತೆ. ಹಣ್ಣು ಒಂದು ಸೆಂಟಿಮೀಟರಿನಷ್ಟು, ಹೆಚ್ಚುಕಮ್ಮಿ ನಮ್ಮ ಗಣಿಕೆ ಹಣ್ಣಿನ ಹಾಗೆ. ಗಣಿಕೆ, ಬದನೆ, ಆಲೂಗಡ್ಡೆ, ಟೊಮೆಟೊ ಎಲ್ಲವೂ ಒಂದೇ ಕುಲದ ದಾಯಾದಿಗಳು. ಆ ಕಾಡು ಹಣ್ಣು ಮೆಕ್ಸಿಕೊದ ಜನರ ಕೈಯಲ್ಲಿ ದಪ್ಪವಾಯ್ತು. ‘ಟೊಮೆಟೊ’ ಅನ್ನೋ ಪದ ಬಂದಿರೋದು ಅಲ್ಲಿನ ನಾವಾಟ್ಲ್ ಭಾಷೆಯ ‘ಟೊಮಾಟ್ಲ್’ನಿಂದ. 16ನೇ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. 1623ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯಶಾಸ್ತ್ರಜ್ಞ ಕ್ಯಾಸ್ಪರ್ ಬೌಹಿನ್ ತಮ್ಮ ಗ್ರಂಥದಲ್ಲಿ ಚೆರ್ರಿಯಂಥ ಹಣ್ಣು ಗೊಂಚಲಾಗಿ ಬಿಡೋ ಟೊಮೆಟೊ ಒಂದನ್ನು ದಾಖಲಿಸಿದ್ದಾರೆ. ಅಂದ್ರೆ ಚೆರ್ರಿ ಟೊಮೆಟೊಗೆ ಕಾಗದದ ಮೇಲೇ 400 ವರ್ಷ ವಯಸ್ಸು.

ಹಣ್ಣು ಚಿಕ್ಕದಿತ್ತು, ಸರಿ. ಗಿಡ? ಅದು ದೊಡ್ಡದೇ ಇತ್ತು. ಗಿಡ ಕುಳ್ಳಾಗಿದ್ದು ಎರಡು ಆಕಸ್ಮಿಕಗಳಿಂದ.

ಮೊದಲನೆಯದು ಫ್ರಾನ್ಸಿನದು. 1860ರ ಆಸುಪಾಸಿನಲ್ಲಿ ಲೇ ಅನ್ನೋ ಕೋಟೆಮನೆಯ ತೋಟದಲ್ಲಿ ಒಂದು ವಿಚಿತ್ರ ಟೊಮೆಟೊ ಗಿಡ ಕಾಣಿಸಿಕೊಂಡಿತು. ಕಾಂಡ ದಪ್ಪ, ಎಲೆ ಕಡುಹಸಿರು, ಮುದುಡಿಕೊಂಡ ಹಾಗೆ. ಬೇರೆ ಗಿಡಗಳು ನೆಲಕ್ಕೆ ಒರಗಿದರೆ ಇದು ಪುಟ್ಟ ಮರದ ಹಾಗೆ ತನ್ನಷ್ಟಕ್ಕೆ ನೆಟ್ಟಗೆ ನಿಂತಿತ್ತು. ಫ್ರಾನ್ಸಿನ ಹೆಸರಾಂತ ಬೀಜದ ಮನೆ ವಿಲ್ಮೊರಿನ್ ಅದನ್ನು ಮಾರುಕಟ್ಟೆಗೆ ತಂದಿತು. ಇಂಥ ಗಿಡಗಳಲ್ಲಿ ಏನಾಗಿರುತ್ತೆ ಅನ್ನೋದು ಗೊತ್ತಾಗೋಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯ್ತು. ಗಿಡದ ಮೈ ಉದ್ದವಾಗೋಕೆ ಬ್ರಾಸಿನೋಸ್ಟೀರಾಯ್ಡ್ ಅನ್ನೋ ಹಾರ್ಮೋನ್ ಬೇಕು. ಅದನ್ನು ತಯಾರಿಸೋ ಒಂದು ಜೀನ್ ಕೆಟ್ಟಿದ್ದರೆ ಗೆಣ್ಣು ಗೆಣ್ಣಿನ ಮಧ್ಯೆ ಅಂತರ ಕಡಿಮೆಯಾಗುತ್ತೆ, ಗಿಡ ಕುಗ್ಗುತ್ತೆ. 1996ರಲ್ಲಿ ವಿಜ್ಞಾನಿಗಳು ಆ ಜೀನನ್ನು ಹುಡುಕಿದರು. ಅದರ ಹೆಸರೇ ‘ಡ್ವಾರ್ಫ್’, ಅಂದ್ರೆ ಕುಳ್ಳ.

ಎರಡನೆಯ ಆಕಸ್ಮಿಕ ಅಮೆರಿಕದ ಫ್ಲೋರಿಡಾದಲ್ಲಿ, 1914ರಲ್ಲಿ. ಅಲ್ಲಿ ಸಿಕ್ಕ ಗಿಡದ ಸ್ವಭಾವ ಬೇರೆ. ಸಾಮಾನ್ಯ ಟೊಮೆಟೊ ಮೂರು ಎಲೆಗೆ ಒಂದು ಹೂಗೊಂಚಲು, ಮತ್ತೆ ಮೂರು ಎಲೆ, ಮತ್ತೊಂದು ಗೊಂಚಲು, ಹೀಗೆ ಹೋಗ್ತಾನೇ ಇರುತ್ತೆ. ನಿಲ್ಲು ಅನ್ನೋ ಮಾತೇ ಇಲ್ಲ. ಈ ಗಿಡದಲ್ಲಿ ಗೊಂಚಲುಗಳ ನಡುವಿನ ಎಲೆ ಕಡಿಮೆಯಾಗುತ್ತಾ ಬಂದು, ಕೊನೆಗೆ ಒಂದರ ಹಿಂದೆ ಒಂದು ಗೊಂಚಲು ಬಿಟ್ಟು, ಬೆಳವಣಿಗೆ ತಾನಾಗೇ ನಿಂತುಹೋಗ್ತಿತ್ತು. ಯಾರೂ ಕುಡಿ ಚಿವುಟಬೇಕಿರಲಿಲ್ಲ. ಅದಕ್ಕೇ ಈ ಗುಣಕ್ಕೆ ‘ಸೆಲ್ಫ್ ಪ್ರೂನಿಂಗ್’ ಅಂತ ಹೆಸರು.

ಇದನ್ನು ಗಂಭೀರವಾಗಿ ಅಭ್ಯಾಸ ಮಾಡಿದವರು ಆಲ್ಬರ್ಟ್ ಯೇಗರ್. ಅವರು ಇದ್ದದ್ದು ನಾರ್ತ್ ಡಕೋಟಾದ ಸರ್ಕಾರಿ ಕೃಷಿ ಕಾಲೇಜಿನಲ್ಲಿ. ಅಲ್ಲಿ ಬೇಸಿಗೆ ಬಂದಷ್ಟೇ ಬೇಗ ಮುಗಿದುಹೋಗುತ್ತೆ, ಹಿಂದೇನೇ ಹಿಮ. ಟೊಮೆಟೊ ಹಣ್ಣಾಗೋಕೆ ಸಮಯವೇ ಸಾಲದು. ಬೇಗ ಬೆಳೆದು, ಬೇಗ ನಿಂತು, ಒಟ್ಟಿಗೆ ಹಣ್ಣು ಕೊಡೋ ಗಿಡ ಅಲ್ಲಿನ ರೈತರಿಗೆ ಬೇಕಿತ್ತು. 1927ರಲ್ಲಿ ಯೇಗರ್ ಈ ಗುಣ ಹೇಗೆ ಅನುವಂಶೀಯವಾಗಿ ಬರುತ್ತೆ ಅಂತ ಪ್ರಬಂಧ ಬರೆದರು. ಮುಂದೆ ಅವರು ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯಕ್ಕೆ ಹೋದರು.

ಆಗ ಎರಡನೇ ಮಹಾಯುದ್ಧ ನಡೀತಿತ್ತು. ಅಮೆರಿಕದಲ್ಲಿ ಮನೆಮನೆಯಲ್ಲೂ ತರಕಾರಿ ಬೆಳೀರಿ ಅನ್ನೋ ‘ವಿಕ್ಟರಿ ಗಾರ್ಡನ್’ ಚಳವಳಿ ಜೋರಾಗಿತ್ತು. ಅಂಥ ತೋಟಗಳು ಸುಮಾರು 2 ಕೋಟಿ ಇದ್ದವು, ದೇಶದ ತಾಜಾ ತರಕಾರಿಯಲ್ಲಿ ಶೇ. 40ರಷ್ಟು ಅಲ್ಲಿಂದಲೇ ಬರ್ತಿತ್ತು ಅನ್ನೋದು ಸಾಮಾನ್ಯವಾಗಿ ಕೊಡೋ ಅಂದಾಜು. ಹಿತ್ತಲು ಇದ್ದವರು ಹಿತ್ತಲಲ್ಲಿ ಬೆಳೆದರು, ಇಲ್ಲದವರು ಕಿಟಕಿಯ ಪೆಟ್ಟಿಗೆಯಲ್ಲಿ. ಯುದ್ಧ ಮುಗಿದ ವರ್ಷ, 1945ರಲ್ಲಿ, ಯೇಗರ್ ಅವರ ವಿಶ್ವವಿದ್ಯಾಲಯದಿಂದ ಒಂದು ಪುಟ್ಟ ಗಿಡ ಹೊರಬಂತು. ಹೆಸರು ‘ಟೈನಿ ಟಿಮ್’. ಒಂದು, ಒಂದೂವರೆ ಅಡಿ ಎತ್ತರ, ಗೋಲಿ ಗಾತ್ರದ ಕೆಂಪು ಹಣ್ಣು. 80 ವರ್ಷ ಆದಮೇಲೂ ಅದರ ಬೀಜ ಮಾರಾಟದಲ್ಲಿದೆ.

ಇಲ್ಲಿಗೆ ಕಥೆ ಮುಗಿಸಿದ್ರೆ ಚೆನ್ನಾಗಿರ್ತಿತ್ತು. ಆದರೆ ಇದೇ ಜೀನ್ ಇನ್ನೊಂದು ಕಡೆಯೂ ಕೆಲಸ ಮಾಡ್ತು. ಅದನ್ನು ಹೇಳದೆ ಇದ್ದರೆ ಇತಿಹಾಸ ಅರ್ಧ ಹೇಳಿದ ಹಾಗೆ.

ಕ್ಯಾಲಿಫೋರ್ನಿಯಾ, 1960ರ ದಶಕ. ಸಾಸ್, ಕೆಚಪ್‌ಗೆ ಬೇಕಾದ ಟೊಮೆಟೊ ಕೊಯ್ಯೋಕೆ ಮೆಕ್ಸಿಕೊದಿಂದ ಕೂಲಿಯವರನ್ನು ಕರೆತರುವ ಸರ್ಕಾರಿ ಯೋಜನೆ ಇತ್ತು. 1964ರಲ್ಲಿ ಅದು ನಿಂತಿತು. ಅಷ್ಟರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೊಯ್ಲಿನ ಯಂತ್ರವನ್ನೂ, ಅದಕ್ಕೆ ಹೊಂದುವ ಟೊಮೆಟೊವನ್ನೂ ಒಟ್ಟೊಟ್ಟಿಗೆ ತಯಾರು ಮಾಡಿದ್ದರು. ಯಂತ್ರ ಗಿಡವನ್ನು ಬುಡಕ್ಕೇ ಕತ್ತರಿಸಿ ಒಂದೇ ಸಲಕ್ಕೆ ಹಣ್ಣು ಉದುರಿಸುತ್ತೆ. ಹಾಗಾಗಿ ಎಲ್ಲಾ ಹಣ್ಣೂ ಒಟ್ಟಿಗೆ ಮಾಗಬೇಕು, ಗಿಡ ಗಿಡ್ಡಕ್ಕಿರಬೇಕು. ಫ್ಲೋರಿಡಾದ ಆ 1914ರ ಗುಣ ಇದಕ್ಕೆ ಸರಿಯಾಗಿ ಹೊಂದಿಕೊಂಡಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾರ್ಖಾನೆ ಟೊಮೆಟೊದ ಕೊಯ್ಲೆಲ್ಲ ಯಂತ್ರದ ಪಾಲಾಯ್ತು. ಸಾವಿರಾರು ಕೂಲಿಯವರ ಕೆಲಸ ಹೋಯ್ತು, ಯಂತ್ರ ಕೊಳ್ಳೋಕಾಗದ ಸಣ್ಣ ರೈತರು ಟೊಮೆಟೊ ಬಿಟ್ಟರು. ಸಾರ್ವಜನಿಕರ ದುಡ್ಡಲ್ಲಿ ನಡೆಯೋ ಸಂಶೋಧನೆ ದೊಡ್ಡ ಕಂಪನಿಗಳಿಗೆ ಮಾತ್ರ ಲಾಭ ಮಾಡ್ತಿದೆ ಅಂತ 1979ರಲ್ಲಿ ಆ ವಿಶ್ವವಿದ್ಯಾಲಯದ ಮೇಲೆ ಕೇಸೂ ಬಿತ್ತು.

ನೋಡಿ, ಒಂದೇ ಗುಣ. ನೆಲ ಇಲ್ಲದ ಒಬ್ಬರಿಗೆ ಅದು ಕಿಟಕಿಯಲ್ಲಿ ತೋಟ ಕೊಡ್ತು, ನೆಲ ಇಲ್ಲದ ಇನ್ನೊಬ್ಬರ ಕೈಯಿಂದ ಕೂಲಿ ಕಿತ್ತುಕೊಂಡ್ತು. ಗಿಡದಲ್ಲಿ ತಪ್ಪಿಲ್ಲ. ಅದನ್ನು ಯಾರಿಗಾಗಿ ಬೆಳೆಸ್ತೀವಿ ಅನ್ನೋದರಲ್ಲಿ ಇರೋದು ಎಲ್ಲಾ.

ಈಗ ಮತ್ತೆ ಕುಂಡಕ್ಕೆ ಬರೋಣ. 1989ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಜೇ ಸ್ಕಾಟ್ ಮತ್ತು ಬ್ರೆಂಟ್ ಹಾರ್ಬಾ ‘ಮೈಕ್ರೋ ಟಾಮ್’ ಅನ್ನೋ ತಳಿ ಬಿಡುಗಡೆ ಮಾಡಿದರು. ಅದರಲ್ಲಿ ಫ್ರಾನ್ಸಿನ ಗಿಡದಂಥ ಕುಳ್ಳತನವೂ ಇದೆ, ತಾನಾಗೇ ನಿಲ್ಲೋ ಗುಣವೂ ಇದೆ. ಎತ್ತರ ಒಂದು ಗೇಣು, ಅಷ್ಟೇ! ಮೇಜಿನ ಮೇಲೆ ಅಂದಕ್ಕೆ ಇಡೋ ಗಿಡ ಅಂತ ಮಾಡಿದ್ದು. ಆದರೆ 1997ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಇದನ್ನು ಪ್ರಯೋಗಾಲಯಕ್ಕೆ ತಂದರು. ಬಿತ್ತಿ 70ರಿಂದ 90 ದಿನಕ್ಕೆ ಹಣ್ಣು, ಒಂದು ಚದರ ಮೀಟರಿನಲ್ಲಿ 1,357 ಗಿಡದವರೆಗೆ ಬೆಳೆಸಬಹುದು ಅಂತ ಅವರು ತೋರಿಸಿಕೊಟ್ಟರು. ಇವತ್ತು ಟೊಮೆಟೊ ಜೀನ್‌ಗಳ ಅಧ್ಯಯನಕ್ಕೆ ಜಪಾನಿನಿಂದ ಬ್ರೆಜಿಲ್‌ವರೆಗೆ ಬಳಸೋದು ಇದೇ ಗಿಡವನ್ನ.

ರುಚಿ? ಅಲ್ಲೇ ಇರೋದು ಸಮಸ್ಯೆ. ಹಣ್ಣಿನ ಸಿಹಿ ತಯಾರಾಗೋದು ಎಲೆಯಲ್ಲಿ. ಎಲೆ ಕಡಿಮೆ, ಹಣ್ಣು ಜಾಸ್ತಿ ಆದ್ರೆ ಒಂದೊಂದು ಹಣ್ಣಿಗೂ ಸಿಗೋ ಸಕ್ಕರೆ ಕಡಿಮೆ. ತೀರಾ ಕುಳ್ಳ ಗಿಡದ ಹಣ್ಣು ಸಪ್ಪೆ ಅನ್ನೋ ದೂರು ಇದಕ್ಕೇ. ಇದಕ್ಕೆ ಉತ್ತರ ಹುಡುಕಿದವರು ಹವ್ಯಾಸಿಗಳು. 2000ದ ದಶಕದ ಮಧ್ಯದಲ್ಲಿ ಅಮೆರಿಕದ ಕ್ರೇಗ್ ಲೆಹೂಲಿಯರ್ ಮತ್ತು ಆಸ್ಟ್ರೇಲಿಯಾದ ಪಟ್ರೀನಾ ನಸ್ಕೆ ಸ್ಮಾಲ್ ಸೇರಿ ಒಂದು ಉಪಾಯ ಮಾಡಿದರು. ಹಳೆಯ ರುಚಿಯಾದ ತಳಿಗಳನ್ನು ಕುಳ್ಳ ತಳಿಗಳ ಜೊತೆ ಸಂಕರ ಮಾಡೋದು, ಬೀಜವನ್ನು ಅಂಚೆಯಲ್ಲಿ ಕಳಿಸೋದು. ಅಲ್ಲಿ ಚಳಿಗಾಲ ಆದಾಗ ಇಲ್ಲಿ ಬೇಸಿಗೆ. ಹಾಗಾಗಿ ವರ್ಷಕ್ಕೆ ಎರಡು ತಲೆಮಾರು. ನೂರಾರು ಹವ್ಯಾಸಿಗಳು ಕೈಜೋಡಿಸಿದರು, ನೂರಕ್ಕೂ ಹೆಚ್ಚು ತಳಿಗಳು ಬಂದವು. ಬೀಜ ಎತ್ತಿಟ್ಟು ಮತ್ತೆ ಬಿತ್ತಬಹುದಾದ ತಳಿಗಳು ಅವು.

ನಮಗೂ ಬೇಕಾಗಿರೋ ಮಾತು ಇದು. 2023ರ ಜುಲೈನಲ್ಲಿ ಬೆಂಗಳೂರಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ನಿಮಗೆ ನೆನಪಿರಬಹುದು. ನಾಲ್ಕು ಕುಂಡ ಇಟ್ಟರೆ ಮನೆಯ ಸಾರಿಗೆ ಸಾಕಾಗುತ್ತೆ ಅಂತ ನಾನು ಹೇಳಲ್ಲ, ಸಾಕಾಗಲ್ಲ. ಆದರೆ ಬಾಡಿಗೆ ಮನೆಯ ಕಂಬಿಯ ಪಕ್ಕದಲ್ಲಿ ನಿಮ್ಮದೇ ಬೀಜದ ಗಿಡ ಇಟ್ಟುಕೊಳ್ಳೋ ಅವಕಾಶವನ್ನು ಈ ನೂರು ವರ್ಷದ ಕೆಲಸ ಕೊಟ್ಟಿದೆ.

ಬೆಳೆಸೋದಾದ್ರೆ ಇಷ್ಟು ನೆನಪಿಡಿ. ಗೇಣುದ್ದದ ತಳಿಗೆ ಆರು ಇಂಚಿನ ಕುಂಡ ಸಾಕು, ಟೈನಿ ಟಿಮ್‌ನಂಥದ್ದಕ್ಕೆ ಎಂಟರಿಂದ ಹತ್ತು ಇಂಚು. ತಳದಲ್ಲಿ ತೂತು ಇರಲೇಬೇಕು. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಒಂದು ದಿನ ನೀರು ಸುರಿದು ಮೂರು ದಿನ ಮರೆತರೆ ಹಣ್ಣಿನ ತಳ ಕಪ್ಪಾಗಿ ಕೊಳೆಯುತ್ತೆ. ಸ್ವಲ್ಪ ಸ್ವಲ್ಪ, ತಪ್ಪದೆ ಹಾಕಿ. ಹೂ ಬಿಟ್ಟಾಗ ಗಿಡವನ್ನು ಮೆಲ್ಲಗೆ ಅಲ್ಲಾಡಿಸಿ. ಟೊಮೆಟೊ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತೆ, ಗಾಳಿಯ ಕೆಲಸ ನೀವು ಮಾಡಿದ ಹಾಗಾಗುತ್ತೆ. ರಾಯಚೂರು, ಕಲಬುರಗಿ ಕಡೆಯವರು ಮಳೆಗಾಲದ ಕೊನೆಗೆ ಬಿತ್ತಿ. ಕಡು ಬೇಸಿಗೆಯಲ್ಲಿ ಹೂ ಉದುರಿಹೋಗುತ್ತೆ.

ಬೀಜ ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಗಿಡದ ಎತ್ತರ ಎಷ್ಟು ಅಂತ ಬರೆದಿದ್ಯಾ. ಎರಡು, ಅದು ಎಫ್1 ಹೈಬ್ರಿಡ್ಡಾ, ಅಲ್ವಾ. ಹೈಬ್ರಿಡ್ ಆದ್ರೆ ಅದರ ಹಣ್ಣಿನ ಬೀಜ ಹಾಕಿದಾಗ ತಾಯಿಯಂಥದ್ದೇ ಗಿಡ ಬರಲ್ಲ, ಮತ್ತೆ ಅಂಗಡಿಗೇ ಹೋಗಬೇಕು. ಟೈನಿ ಟಿಮ್, ಮೈಕ್ರೋ ಟಾಮ್ ಥರದ್ದಾದ್ರೆ ಚೆನ್ನಾಗಿ ಮಾಗಿದ ಹಣ್ಣನ್ನು ಲೋಟಕ್ಕೆ ಹಿಂಡಿ, ಎರಡು ದಿನ ಹುಳಿಯೋಕೆ ಬಿಡಿ. ಲೋಳೆ ಬಿಡುತ್ತೆ. ತೊಳೆದು, ನೆರಳಲ್ಲಿ ಒಣಗಿಸಿ, ಕಾಗದದಲ್ಲಿ ಕಟ್ಟಿಡಿ. ಕಾಗದದ ಮೇಲೆ ತಳಿಯ ಹೆಸರು, ಇಸವಿ ಬರೀರಿ. ಸ್ವಲ್ಪ ಪಕ್ಕದ ಮನೆಯವರಿಗೂ ಕೊಡಿ.

ಮುಂದಿನ ಸಂಚಿಕೆಯಲ್ಲಿ ಸಿಗ್ತೀನಿ. ನಮಸ್ಕಾರ.