ಮೈಬಿಸಿಯ ಚರಿತ್ರೆ: ಸುಶ್ರುತನ ಲೇಪದಿಂದ ಕಾಲ್ಬೆರಳಿನವರೆಗೆ

ಸುಶ್ರುತಸಂಹಿತೆಯ ಸೂತ್ರಸ್ಥಾನದ 26ನೇ ಅಧ್ಯಾಯದಲ್ಲೊಂದು ಉಪಾಯವಿದೆ. ಬಾಣದ ಮೊನೆಯೋ ಮುಳ್ಳೋ ಚರ್ಮದೊಳಗೆ ಸೇರಿಕೊಂಡು ಕಣ್ಣಿಗೆ ಸಿಗದಿದ್ದರೆ ಆ ಭಾಗಕ್ಕೆ ಗಟ್ಟಿ ತುಪ್ಪವನ್ನೋ, ಮಣ್ಣು ಇಲ್ಲವೇ ಚಂದನದ ಲೇಪವನ್ನೋ ಬಳಿಯಬೇಕು. ತುಪ್ಪ ಬೇಗ ಕರಗಿದ, ಲೇಪ ಬೇಗ ಒಣಗಿದ ಕಡೆ ಶಲ್ಯ, ಅಂದರೆ ಒಳಹೊಕ್ಕ ವಸ್ತು, ಇದೆಯೆಂದು ತಿಳಿಯಬೇಕು. ಹಿಪೊಕ್ರೇಟಿಸ್ ಪರಂಪರೆಯ ಗ್ರೀಕ್ ಗ್ರಂಥಗಳಲ್ಲೂ ಇದರ ಜೋಡಿ ಸಿಗುತ್ತದೆ. ಎದೆಗೂಡಿನಲ್ಲಿ ಕೀವು ತುಂಬಿದ ರೋಗಿಗೆ ಎರೆಟ್ರಿಯಾದ ನುಣ್ಣನೆ ಮಣ್ಣು ಕದಡಿದ ನೀರಲ್ಲಿ ಅದ್ದಿದ ಬಟ್ಟೆ ಸುತ್ತಿ, ಮೊದಲು ಒಣಗಿದ ಜಾಗದಲ್ಲಿ ಕೊಯ್ಯುವುದು. ಒಬ್ಬರಿಂದ ಇನ್ನೊಬ್ಬರು ಕಲಿತಿರಬೇಕೆಂದು ಊಹಿಸುವ ಅಗತ್ಯ ನನಗೆ ಕಾಣುವುದಿಲ್ಲ. ಬಿಸಿ ಇದ್ದಲ್ಲಿ ಮಣ್ಣು ಬೇಗ ಒಣಗುವುದನ್ನು ತಿಳಿಯಲು ಗುರುವಿನ ಹಂಗಿಲ್ಲ. ಮುಖ್ಯವಾದ ಮಾತೆಂದರೆ, ಎರಡೂ ಕಡೆ ಲೇಪಕ್ಕೆ ಕೇಳಿದ ಪ್ರಶ್ನೆ ‘ಎಲ್ಲಿ?’ ಎಂಬುದೊಂದೇ. ಇಡೀ ದೇಹ ಹೇಗಿದೆ ಎಂದು ಯಾರೂ ಕೇಳಲಿಲ್ಲ.

ಇಡೀ ದೇಹದ ಪ್ರಶ್ನೆ ಬಲವಾದದ್ದು ಅಂಕಿಗಳು ಬಂದ ಮೇಲೆ. ಲೈಪ್‌ಜಿಗ್‌ನ ಕಾರ್ಲ್ ವುಂಡರ್‌ಲಿಶ್ 1868ರಲ್ಲಿ ಸುಮಾರು 25,000 ರೋಗಿಗಳ ದಾಖಲೆ ಮುಂದಿಟ್ಟು 37 ಡಿಗ್ರಿ ಸೆಲ್ಸಿಯಸ್ಸನ್ನು ಆರೋಗ್ಯದ ಗುರುತಾಗಿಸಿದರು. ಅವರು ಅಳೆದದ್ದು ಕಂಕುಳಲ್ಲಿ. ಕಂಕುಳೂ ಚರ್ಮವೇ, ಆದರೆ ತೋಳೊತ್ತಿ ಮುಚ್ಚಿದ ಚರ್ಮ. ಒಳಮೈಯ ಬಿಸಿಗೆ ಹತ್ತಿರ. ತೆರೆದ ಚರ್ಮದ ಸರಾಸರಿ 33 ಡಿಗ್ರಿಯ ಆಸುಪಾಸು. ಬೆರಳ ತುದಿಗಳಂತೂ ತಣ್ಣನೆ ಗಾಳಿಗೆ, ಹೆದರಿಕೆಗೆ, ಒಂದು ಬೀಡಿಗೆ ಕೂಡ ಇಳಿದುಬಿಡುತ್ತವೆ.

1934ರಲ್ಲಿ ಅಮೆರಿಕದ ಜೇಮ್ಸ್ ಹಾರ್ಡಿ ಚರ್ಮದ ಬಣ್ಣ ಯಾವುದೇ ಇರಲಿ, ಅದು ಸೂಸುವ ಇನ್‌ಫ್ರಾರೆಡ್ ಕಿರಣ ಕೃಷ್ಣಕಾಯದ (ತನ್ನ ಬಿಸಿಗೆ ತಕ್ಕಷ್ಟು ಕಿರಣವನ್ನು ಪೂರ್ತಿಯಾಗಿ ಸೂಸುವ ಆದರ್ಶ ವಸ್ತುವಿನ) ಕಿರಣಕ್ಕೆ ಬಹುಪಾಲು ಸಮ ಎಂದು ತೋರಿಸಿದರು. ಮುಟ್ಟದೆ ಅಳೆಯುವ ದಾರಿಗೆ ಅದು ಅಡಿಪಾಯ. 1964ರಲ್ಲಿ ಎನ್. ಎಲ್. ರಾಮನಾಥನ್ ಸರಾಸರಿ ಚರ್ಮತಾಪಕ್ಕೆ ನಾಲ್ಕೇ ಜಾಗ ಸಾಕೆಂದರು: ಎದೆ, ತೋಳಿಗೆ ತಲಾ 0.3, ತೊಡೆ, ಮೊಣಕಾಲಿನ ಕೆಳಭಾಗಕ್ಕೆ ತಲಾ 0.2 ಪಾಲು. ಇಂದಿಗೂ ಚಾಲ್ತಿಯಲ್ಲಿರುವ ಈ ಸೂತ್ರ ಶಾಖದ ಲೆಕ್ಕ ಕೊಡುತ್ತದೆ, ರೋಗದ್ದಲ್ಲ.

ಮಾಂಟ್ರಿಯಲ್‌ನ ರೇ ಲಾಸನ್ 1956ರಲ್ಲಿ ಸ್ತನದ ಗೆಡ್ಡೆಯ ಮೇಲಿನ ಚರ್ಮ ಹೆಚ್ಚು ಬಿಸಿಯಿರುವುದನ್ನು ವರದಿ ಮಾಡಿದಾಗ ಆಸೆ ಗರಿಗೆದರಿತು. 1970ರ ದಶಕದಲ್ಲಿ ಅಮೆರಿಕದ ದೊಡ್ಡ ಸ್ತನ ತಪಾಸಣಾ ಯೋಜನೆಯಲ್ಲಿ ಚರ್ಮದ ಬಿಸಿಯನ್ನು ಚಿತ್ರವಾಗಿಸಿ ನೋಡುವ ಈ ವಿಧಾನ ಹಲವು ಗೆಡ್ಡೆಗಳನ್ನು ಕಾಣದೆ ಹೋಯಿತು. ಅದನ್ನು ಅಲ್ಲಿ ಕೈಬಿಟ್ಟರು. ಬಣ್ಣಬಣ್ಣದ ಚಿತ್ರ ತೋರಿಸಿ ಇಡೀ ಮೈಯ ಭವಿಷ್ಯ ಹೇಳುವವರು ಈ ಅಧ್ಯಾಯವನ್ನು ಹಾರಿಸಿಬಿಡುತ್ತಾರೆ. ಚರ್ಮದ ಅಂಕಿಯನ್ನು ಒಳಮೈಯ ಜ್ವರದ ಅಳತೆಯೆಂದು ನಂಬುವುದೂ ಇಂಥದೇ: 2020ರ ಕೋವಿಡ್ ಕಾಲದಲ್ಲಿ ನಮ್ಮ ಅಂಗಡಿ ಬಾಗಿಲುಗಳಲ್ಲಿ ಹಣೆಯ ಬದಲು ಮಣಿಕಟ್ಟಿಗೆ ತಾಪ ಅಳೆಯುವ ಯಂತ್ರ ಹಿಡಿದು, 34 ಡಿಗ್ರಿ ಬಂದರೂ ಒಳಗೆ ಬಿಟ್ಟದ್ದು ನೆನಪಿರಬಹುದು.

ಹಾಗಾದರೆ ಚರ್ಮ ಇಡೀ ದೇಹದ ಮಾತಾಡುವುದೇ ಇಲ್ಲವೇ? ಒಮ್ಮೆ ಸ್ಪಷ್ಟವಾಗಿ ಆಡಿದೆ. ಹೃದಯದ ಹರಿವು ಕುಗ್ಗಿದಾಗ ದೇಹ ಕೈಕಾಲಿನ ತುದಿಗಳ ರಕ್ತವನ್ನು ಮಿದುಳಿಗೆ, ಹೃದಯಕ್ಕೆ ಉಳಿಸಿಕೊಳ್ಳುತ್ತದೆ. 1969ರಲ್ಲಿ ಜೋಲಿ ಮತ್ತು ವೈಲ್ ‘ಶಾಕ್’ ಸ್ಥಿತಿಯ ರೋಗಿಗಳಲ್ಲಿ ಕಾಲಿನ ಹೆಬ್ಬೆರಳ ಬಿಸಿಗೂ ಹೃದಯದ ಹರಿವಿಗೂ ನಂಟಿರುವುದನ್ನು ಅಳೆದು ತೋರಿಸಿದರು. ತೀವ್ರ ನಿಗಾ ಘಟಕದ ವೈದ್ಯರು ಇಂದಿಗೂ ರೋಗಿಯ ಪಾದವನ್ನು ಮುಟ್ಟಿ ನೋಡುತ್ತಾರೆ.