ಕ್ವೆರಿ ಸೋತಿತ್ತು, ಪಿಎಚ್‌ಪಿ ಬಾಯಿ ಬಿಡಲಿಲ್ಲ

ಚೆನ್ನೈಗೆ ಬಂದ ಹೊಸತರಲ್ಲಿ ನಾನಿದ್ದದ್ದು ಕ್ರೋಂಪೇಟೆಯಲ್ಲಿ, ಎಂಐಟಿ ಕ್ಯಾಂಪಸ್ಸಿನ ಹತ್ತಿರ. ಊರಿಗೆ ಆ ಹೆಸರು ಬಂದದ್ದು ಕ್ರೋಮ್ ಲೆದರ್ ಅನ್ನೋ ಚರ್ಮ ಹದ ಮಾಡುವ ಕಂಪನಿಯಿಂದ. ಬ್ರೌಸರ್‌ಗೂ ಅದಕ್ಕೂ ಸಂಬಂಧ ಇಲ್ಲ! ಹಗಲು ಆಫೀಸು, ರಾತ್ರಿ ರೂಮಲ್ಲಿ ಕೂತು ಒಂದು ಕನ್ನಡ ಕೂಟದ ಸದಸ್ಯರ ಪಟ್ಟಿಗೆ ಪಿಎಚ್‌ಪಿ ಬರೀತಿದ್ದೆ. ಆಗ ಮಾಡಿದ ತಪ್ಪೇ ಇವತ್ತಿನ ವಿಷಯ.

1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಹೊರಗೆ ಬಿಟ್ಟಾಗ ಪಿಎಚ್‌ಪಿ ಅಂದ್ರೆ ಸ್ವಂತ ಹೋಮ್‌ಪೇಜಿಗೆ ಬೇಕಾದ ಸಣ್ಣಪುಟ್ಟ ಸಲಕರಣೆ, ಅಷ್ಟೆ. ಆಮೇಲೆ ಬಂದ ಹಳೇ ಮೈಎಸ್‌ಕ್ಯುಎಲ್ ಫಂಕ್ಷನ್‌ಗಳಿಗೂ ಅದೇ ಸ್ವಭಾವ. ಕ್ವೆರಿ ಸೋತರೆ ಸುಮ್ಮನೆ 'ಫಾಲ್ಸ್' ಕೊಟ್ಟು ಮುಂದಕ್ಕೆ ಹೋಗೋದು. ಮುಂದಿನ ಸಾಲಲ್ಲಿ ಡೇಟಾ ತೆಗೆಯೋಕೆ ಹೋದಾಗ ವಾರ್ನಿಂಗ್ ಬರೋದು, ಅದೂ ತಪ್ಪಿಲ್ಲದ ಸಾಲಿನ ಮೇಲೆ ಬೆರಳು ತೋರಿಸ್ಕೊಂಡು. ಅದಕ್ಕೆ ಪರ್ಲ್ ಕಡೆಯವರ ರೂಢಿ ನಮಗೂ ಅಂಟಿತು: ಪ್ರತಿ ಕ್ವೆರಿಯ ಬಾಲಕ್ಕೆ 'ಆರ್ ಡೈ'. ಆಗದಿದ್ರೆ ಅಲ್ಲೇ ಸಾಯಿ ಅಂತ. ಅದು ಸಾಯುವಾಗ ಟೇಬಲ್ ಹೆಸರು, ಕಾಲಮ್ ಹೆಸರು ಎಲ್ಲಾ ಪರದೆ ಮೇಲೆ ಒದರಿ ಸಾಯೋದು. ನೋಡೋಕೆ ಬಂದವರಲ್ಲಿ ಕಳ್ಳರೂ ಇರ್ತಾರಲ್ಲ, ಅವರಿಗೆ ಅಷ್ಟು ಸಾಕು.

2004ರ ಪಿಎಚ್‌ಪಿ 5ರಲ್ಲಿ ಎಕ್ಸೆಪ್ಶನ್ ಬಂತು, ಮೈಎಸ್‌ಕ್ಯುಎಲ್‌ಐ ಬಂತು, ಮರುವರ್ಷ 5.1ರ ಜೊತೆ ಪಿಡಿಒ. ಆದ್ರೆ ಎರಡೂ ನಾವಾಗಿ ಕೇಳಿಕೊಂಡರೆ ಮಾತ್ರ ಎಕ್ಸೆಪ್ಶನ್ ಎಸೆಯೋವು, ಇಲ್ಲಾಂದ್ರೆ ಮೌನ. ಹಳೇ ಫಂಕ್ಷನ್‌ಗಳು 2015ರ ಪಿಎಚ್‌ಪಿ 7ರಲ್ಲಿ ಹೋದವು. ತಾನಾಗೇ ಎಕ್ಸೆಪ್ಶನ್ ಎಸೆಯೋದನ್ನ ಪಿಡಿಒ ಶುರು ಮಾಡಿದ್ದು 2020ರ 8.0ರಲ್ಲಿ, ಮೈಎಸ್‌ಕ್ಯುಎಲ್‌ಐ 2021ರ 8.1ರಲ್ಲಿ. ಹಳೇ ಕೋಡ್ ಮುರೀಬಾರದು ಅನ್ನೋ ಕಾಳಜಿ ಸರಿ, ಆದ್ರೂ ನನ್ನ ಲೆಕ್ಕದಲ್ಲಿ ಇದು ಬಹಳ ತಡ.

ನನ್ನ ತಪ್ಪಿಗೆ ಬರ್ತೀನಿ. ಕನೆಕ್ಷನ್‌ಗೆ ಯುಟಿಎಫ್-8 ಹಾಕಿದ್ದೆ. ಟೇಬಲ್ ಮಾತ್ರ ಮೈಎಸ್‌ಕ್ಯುಎಲ್‌ನ ಆಗಿನ ಡಿಫಾಲ್ಟ್ ಆದ ಲ್ಯಾಟಿನ್1ರಲ್ಲೇ ಇತ್ತು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. 'ಗೌರಮ್ಮ' ಅಂತ ಕೊಟ್ಟರೆ ಯೂನಿಕೋಡ್ ಲೆಕ್ಕದ ಆರು ಅಕ್ಷರಕ್ಕೆ ಆರು ಪ್ರಶ್ನಾರ್ಥಕ ಚಿಹ್ನೆ ಬರೆದುಕೊಂಡು, ಕ್ವೆರಿ ಗೆದ್ದಿತು ಅಂತಲೇ ಹೇಳೋದು. ಹಿಂದೆ ಒಂದು ವಾರ್ನಿಂಗ್ ಇರೋದು, ಕೇಳಿದವರಿಗೆ ಮಾತ್ರ. 'ಆರ್ ಡೈ' ಹಾಕಿದ್ದೆ, ಆದ್ರೆ ಸೋಲೇ ಇಲ್ಲದ ಮೇಲೆ ಅದು ಸಾಯೋದು ಯಾಕೆ? ಸ್ಟ್ರಿಕ್ಟ್ ಮೋಡ್ ಇದ್ದಿದ್ರೆ ಆ ಕ್ವೆರಿ ಅಲ್ಲೇ ನಿಲ್ತಿತ್ತು; ಅದು ಡಿಫಾಲ್ಟ್ ಆದದ್ದು 2015ರ ಮೈಎಸ್‌ಕ್ಯುಎಲ್ 5.7ರಲ್ಲಿ. ಲ್ಯಾಟಿನ್1 ಹೋಗಿ ಯುಟಿಎಫ್8ಎಂಬಿ4 ಡಿಫಾಲ್ಟ್ ಆದದ್ದು 2018ರ 8.0ರಲ್ಲಿ.

ಗೋಜಲಾಗಿ ಕಾಣೋ ಅಕ್ಷರಗಳಾದ್ರೆ ಎಷ್ಟೋ ಸಲ ಬೈಟ್ ಹಿಡಿದು ವಾಪಸ್ ತರಬಹುದು. ಪ್ರಶ್ನಾರ್ಥಕ ಚಿಹ್ನೆ ಆದ ಮೇಲೆ ಮೂಲ ಬೈಟೇ ಇರಲ್ಲ. ಎರಡು ಭಾನುವಾರ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದೆ. "ನಿಮ್ಮ ಹೆಸರು ಇನ್ನೊಂದ್ಸಲ ಹೇಳ್ತೀರಾ ಮೇಡಂ?" ಅಂತ ಕೇಳಿ, ಎಲ್ಲಾ ಮತ್ತೆ ಟೈಪ್ ಮಾಡಿದ್ದಾಯ್ತು.