ಫೇಲಾದವರ ಅಕ್ಟೋಬರ್

ಎಸ್ಸೆಸ್ಸೆಲ್ಸಿ ಫಲಿತಾಂಶ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದ ಕಾಲದವರು ಆ ಪುಟವನ್ನು ಮರೆತಿರಲಾರರು. ಹೆಸರಿಲ್ಲ, ಅಂಕವಿಲ್ಲ, ಸಣ್ಣಕ್ಷರದಲ್ಲಿ ಕಾಲಂಗಟ್ಟಲೆ ಬರೀ ನಂಬರು. ಅದೂ ಪಾಸಾದವರದು ಮಾತ್ರ. ಹಿಂದಿನ ಬೆಂಚಿನವನ ನಂಬರಿದೆ, ಮುಂದಿನವನದೂ ಇದೆ, ನಡುವೆ ತನ್ನದಿಲ್ಲ ಎಂದರೆ ಫೇಲು. ಅಚ್ಚಿನ ತಪ್ಪಿರಬಹುದೆಂದು ಇನ್ನೊಂದು ಪತ್ರಿಕೆಗಾಗಿ ಬಸ್ ಸ್ಟ್ಯಾಂಡಿಗೆ ಓಡಬೇಕು. ಅಲ್ಲೂ ಕಾಣದಿದ್ದರೆ ಶಾಲೆಯ ನೋಟಿಸ್ ಬೋರ್ಡೇ ಗತಿ.

ನಾನು ತುಮಕೂರಿನ ಒಂದು ಟ್ಯುಟೋರಿಯಲ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ನಂಬರು ಬಾರದವರೆಲ್ಲ ಬಂದು ಸೇರುತ್ತಿದ್ದುದು ನಮ್ಮಂಥವರ ಹತ್ತಿರ. ಅವರನ್ನು ನೋಡಿ ನೋಡಿ ನನಗೆ ಮನದಟ್ಟಾದದ್ದು ಒಂದೇ: ಹುಡುಗರನ್ನು ಹಣ್ಣು ಮಾಡುತ್ತಿದ್ದುದು ಫೇಲಾದದ್ದಕ್ಕಿಂತ ಹೆಚ್ಚಾಗಿ, ಮುಂದಿನ ಪರೀಕ್ಷೆವರೆಗಿನ ಕಾಯುವಿಕೆ.

ಹಿಂದೆ ಆ ಕಾಯುವಿಕೆ ಇನ್ನೂ ಉದ್ದವಿತ್ತು. ಆರ್.ಕೆ. ನಾರಾಯಣ್ ಮೈಸೂರಿನಲ್ಲಿ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಫೇಲಾದರು. ತಂದೆಯೋ ಹೆಡ್‌ಮಾಸ್ಟರು! ಮಗ ಒಂದು ವರ್ಷ ಮನೆಯಲ್ಲೇ ಓದುತ್ತಾ ಬರೆಯುತ್ತಾ ಕಳೆದು, 1926ರಲ್ಲಿ ಪಾಸಾಗಿ ಮಹಾರಾಜ ಕಾಲೇಜು ಸೇರಿದರು. ಅವರಿಗೆ ಆ ವರ್ಷ ದಕ್ಕಿತು. ಓದುವುದಕ್ಕೆ ಪುಸ್ತಕವೂ ಇಲ್ಲದ ಮನೆಯ ಮಕ್ಕಳು ಅಂಥ ವರ್ಷ ಕಳೆಯುವ ಹೊತ್ತಿಗೆ ಓದು ಬಿಟ್ಟು ಹೊಲಕ್ಕೋ ಅಂಗಡಿಗೋ ಸೇರಿರುತ್ತಿದ್ದರು.

ನಮ್ಮ ಕಾಲಕ್ಕೆ ಅಕ್ಟೋಬರ್ ಪರೀಕ್ಷೆ ಇತ್ತು. ಜೂನ್‌ನಲ್ಲಿ ಜೊತೆಯವರು ಪಿಯುಸಿಗೆ ಹೊರಟರೆ ಇವನು ಮಾತ್ರ ಊರಲ್ಲಿ ಉಳಿಯುತ್ತಿದ್ದ. ಮದುವೆ, ನಾಮಕರಣ, ಎಲ್ಲಿ ಹೋದರೂ ‘ಏನಪ್ಪಾ, ನಿನ್ನ ನಂಬರು ಬಂತಾ?’ ಎಂಬ ಪ್ರಶ್ನೆ. ಅದಕ್ಕೆ ಹೆದರಿ ಬೀದಿಗೇ ಬಾರದ ಹುಡುಗರಿದ್ದರು.

ನಮ್ಮಲ್ಲಿದ್ದ ಹಿರಿಯ ಮೇಷ್ಟ್ರು ಮೊದಲ ದಿನ ಪುಸ್ತಕ ತೆಗೆಸುತ್ತಿರಲಿಲ್ಲ. ಅಂಕಪಟ್ಟಿ ತರಿಸಿ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದರು.

‘ಗಣಿತ ಎಷ್ಟು ಬಂದಿದೆಯೋ?’

‘28 ಸಾರ್.’

‘ಬೇಕಾದ್ದು?’

‘35.’

‘ಹಂಗಾದ್ರೆ ನೀನು ಫೇಲಾಗಿರೋದು ಬರೀ 7 ಅಂಕಕ್ಕೆ ಕಣೋ. ಇಡೀ ಪುಸ್ತಕಕ್ಕಲ್ಲ. ಆ ಏಳು ಎಲ್ಲಿಂದ ತರ್ತೀಯ, ಹೇಳು.’

ಒಂದು ಪ್ರಮೇಯ, ಒಂದು ಗ್ರಾಫು, ವೃತ್ತಕ್ಕೆ ಸ್ಪರ್ಶಕ ಎಳೆಯುವ ಒಂದು ರಚನೆ ಎಂದು ಹುಡುಗನ ಕೈಯಲ್ಲೇ ಬರೆಸುತ್ತಿದ್ದರು. ಆ ಚೀಟಿ ಜೇಬಿಗೆ ಹೋದ ಮೇಲೆ ಅವನು ತಲೆಯೆತ್ತಿ ಮಾತಾಡುತ್ತಿದ್ದ. ಯಾವುದಕ್ಕೆ ಹೆದರಬೇಕು, ಎಷ್ಟು ಹೆದರಬೇಕು ಎಂಬ ಲೆಕ್ಕ ಸಿಕ್ಕರೆ ಅರ್ಧ ಚಿಂತೆ ಅಲ್ಲೇ ಇಳಿಯುತ್ತದೆ. ಮೂವತ್ತೈದು ಬಂದೇ ಬರುತ್ತದೆಂದು ಅವರು ಯಾರಿಗೂ ಮಾತು ಕೊಟ್ಟವರಲ್ಲ. ಬಾರದೆ ಹೋದವರನ್ನು ಬೈದವರೂ ಅಲ್ಲ.

ಆಮೇಲೆ ಫಲಿತಾಂಶ ಸೈಬರ್ ಸೆಂಟರಿಗೆ ಬಂತು, ಅಲ್ಲಿಂದ ಮೊಬೈಲಿಗೆ. ಅಕ್ಟೋಬರ್ ಹೋಗಿ ಪೂರಕ ಪರೀಕ್ಷೆ ಜೂನ್‌ಗೆ ಬಂದದ್ದು ದೊಡ್ಡ ಬದಲಾವಣೆ. ಪಾಸಾದರೆ ಅದೇ ವರ್ಷ ಪಿಯುಸಿ ಸೇರಬಹುದಾಯಿತು. 1966ರ ಕಾಯ್ದೆಯಿಂದ ಹುಟ್ಟಿದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ 2022ರಲ್ಲಿ ಪಿಯು ಪರೀಕ್ಷೆಗಳನ್ನೂ ಸೇರಿಸಿಕೊಂಡು ಹೊಸ ಮಂಡಳಿಯಾಯಿತು. 2024ರಿಂದ ಪೂರಕ ಎಂಬ ಹಣೆಪಟ್ಟಿಯೂ ಹೋಗಿ ಪರೀಕ್ಷೆ 1, 2, 3 ಎಂದಾಯಿತು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂತೋ ಅದನ್ನೇ ಉಳಿಸಿಕೊಳ್ಳಬಹುದು. ಆ ವರ್ಷ ಮೊದಲ ಫಲಿತಾಂಶ ಮೇ ತಿಂಗಳಲ್ಲಿ ಬಂತು, ಎರಡನೆಯ ಪರೀಕ್ಷೆ ಜೂನ್‌ನಲ್ಲೇ ನಡೆಯಿತು, ಮೂರನೆಯದು ಆಗಸ್ಟ್‌ನಲ್ಲಿ.

ವರ್ಷವಿದ್ದ ಕಾಯುವಿಕೆ ಹೀಗೆ ವಾರಗಳಿಗೆ ಇಳಿದಿದೆ. ಮಂಡಳಿ ಇಷ್ಟು ಬದಲಾದರೂ ಮನೆಗಳು ಬದಲಾಗಿಲ್ಲ ಎಂಬುದೇ ನನ್ನ ತಕರಾರು. ನೆಂಟರ ಪ್ರಶ್ನೆ ಈಗ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ, ಪಕ್ಕದ ಮನೆಯವರ ಮಗಳ ಶೇಕಡಾ 96ರ ಜೊತೆಗೆ. ಹಿಂದೆ 35 ಬಾರದವನು ಮಾತ್ರ ಅಳುತ್ತಿದ್ದ, ಈಗ 85 ಬಂದವಳೂ ಅಳುತ್ತಾಳೆ.

ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮೊದಲು ಊಟ ಹಾಕಿ. ಅಂಕದ ಮಾತು ಮರುದಿನಕ್ಕಿರಲಿ, ಅದೂ ಎಷ್ಟು ಕಮ್ಮಿಯಾಯಿತು, ಎಲ್ಲಿಂದ ತರಬಹುದು ಎಂಬಷ್ಟೇ. ನಿದ್ದೆ, ಊಟ, ಮಾತು ಬಿಟ್ಟು ಕೂತರೆ ಅಥವಾ ಬದುಕೇ ಬೇಡ ಎಂಬ ಮಾತು ಬಂದರೆ ತಡಮಾಡದೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ.